ಎಡಚಿ

ಬೆಳಿಗ್ಗೆ ಏಳಕ್ಕೆ ಡಿ.ಎನ್. ರೋಡಿನ ಕಮಾನುಗಳ ಕೆಳಗೆ
ಇನ್ನೂ ಯಾರೂ ಏನೂ ಮಾರುತ್ತಿರುವುದಿಲ್ಲ.
ಕಂಬಕ್ಕೊರಗಿ ಮಲಗಿದವರು ಚಾಪೆ ಸುತ್ತುತ್ತಾರೆ,
ಚಹಾದವನು ಶುಂಠಿ ಜಜ್ಜುತ್ತಾನೆ.
ನಮ್ಮಪ್ಪ ಸಾಯಬಣ್ಣ ಬಕೀಟು ಇಳಿಸಿ
ರಸ್ತೆಗೆ ಬೆನ್ನು ಹಾಕಿ ನಿಲ್ಲುತ್ತಿದ್ದ.

ಹನ್ನೊಂದು ಅಂಗಡಿ, ಹತ್ತೊಂಬತ್ತು ಗಾಜು.
ಬೂಟಿನವರದು ನಾಲ್ಕು, ಕನ್ನಡಕದವರದು ಆಳೆತ್ತರದ ಒಂದು,
ಪೆನ್ನು ರಿಪೇರಿಯ ಬಹಮನ್‌ಶಾ ಮುದುಕನದು ಅಂಗೈಯಗಲ;
ಅದಕ್ಕೆ ದುಡ್ಡಿಲ್ಲ, ಒಂದು ಬ್ರುನ್ ಪಾವು.
ಗುಜರಾತಿ ಪೇಪರು ಮೆತ್ತಗೆ, ಮರಾಠಿಯದು ಮಸಿ ಬಿಡುತ್ತದೆ,
ಶೇರುಪೇಟೆಯ ಗುಲಾಬಿ ಹಾಳೆಯಷ್ಟು ಹೊಳಪು
ಇನ್ಯಾವುದೂ ಕೊಡುವುದಿಲ್ಲ.
ಅವನು ನನಗೆ ಕಲಿಸಿದ ಅರ್ಥಶಾಸ್ತ್ರ ಇಷ್ಟು.

ಗಾಜಿನೊಳಗಿನ ಸಾಮಾನು ನೋಡುತ್ತಿರಲಿಲ್ಲ.
"ಒಳಗಿಂದು ಅವರದು. ಮ್ಯಾಲ ಬೀಳೋದು ನಂದು."
ಬೀಳುತ್ತಿದ್ದವು: ಕೆಂಪು ಬಸ್ಸು, ಪಾರಿವಾಳ,
ಕೋರ್ಟಿಗೆ ಓಡುವ ಕರಿಕೋಟು,
ಕೊನೆಯ ಗಾಜಿನಲ್ಲಿ ಇಡಿಯಾಗಿ ವೀಟಿ
(ಹೆಸರು ಬದಲಾದ ಮೇಲೂ ಅವನ ಬಾಯಲ್ಲಿ ವೀಟಿಯೇ),
ಅದರ ಗುಮ್ಮಟ, ಮೊನೆಗಳು, ಬಾಯ್ತೆರೆದ ಕಲ್ಲುಪ್ರಾಣಿಗಳು,
ಹಿಂದಕ್ಕೆ ನಡೆಯುವ ಗಡಿಯಾರ.
ನಾಲ್ಕೂ ಇಪ್ಪತ್ತು ಕಂಡರೆ ಏಳೂ ನಲವತ್ತು,
ಶಟರು ಎತ್ತಲು ಇನ್ನೂ ಎರಡು ತಾಸು.

ಗುಮ್ಮಟದ ತುದಿಯಲ್ಲಿ ದೀವಟಿಗೆ ಎತ್ತಿ ನಿಂತ ಹೆಂಗಸು.
"ನೋಡವಾ," ಅಂದ ಒಂದು ದಿನ, "ಎಡಚಿ."
ಅಫಜಲಪುರದ ಶಾಲೆಯಲ್ಲಿ ಮಾಸ್ತರು
ಅವನ ಎಡಗೈ ಬೆನ್ನಿಗೆ ಕಟ್ಟಿ
ಬಲಗೈಗೆ ಬಳಪ ತುರುಕಿದ್ದರಂತೆ.
ಅಕ್ಷರ ಅಲ್ಲಿಗೇ ನಿಂತಿತು.
"ಇಷ್ಟು ದೊಡ್ಡ ಕಟ್ಟಡದ ನೆತ್ತಿ ಮ್ಯಾಲ
ಎಡಚೀನ್ನ ನಿಂದ್ರಿಸ್ಯಾರ. ಯಾರೂ ಏನೂ ಅಂದಿಲ್ಲ."
ನಾನೂ ಎಡಚಿ. ಒಂಬತ್ತರ ನನಗೆ
ಅದು ಠಸ್ಸೆ ಒತ್ತಿದ ಸರ್ಟಿಫಿಕೇಟು.

ಬಹಮನ್‌ಶಾ ಹೋದ. ಅಲ್ಲಿ ಈಗ ಮೊಬೈಲಿನ ಕವರು.
ಬೂಟಿನವರು ಪರಳದ ಮಾಲಿಗೆ ಹೋದರು;
ಮಿಲ್ಲಿನ ಚಿಮಣಿ ಇದ್ದ ಜಾಗದ ಆ ಗಾಜಿಗೆ
ಹಗ್ಗದಲ್ಲಿ ಇಳಿಯುವ ಹುಡುಗರು ಬೇಕು,
ಅಪ್ಪನ ಮೊಣಕಾಲು ಬೇಡ.

ಹೋದ ದೀಪಾವಳಿಗೆ, ಕ್ರಾಫರ್ಡ್ ಮಾರ್ಕೆಟ್ಟಿನಿಂದ
ಬೆಡ್‌ಶೀಟು, ಖರ್ಜೂರ, ಒಂದು ಸೋಸುವ ಜಾಲರಿ ಕೊಂಡು ಬರುವಾಗ
ಜನ ಫೋಟೊ ತೆಗೆಯುವ ಕಟ್ಟೆಗೆ ಅವನನ್ನು ಹತ್ತಿಸಿದೆ.
ಮೂವತ್ತೊಂದು ವರ್ಷ ಲೋಕಲ್ಲಿನಿಂದಿಳಿದು
ತಲೆ ಬಗ್ಗಿಸಿ ಸಬ್‌ವೇ ಹೊಕ್ಕು ನಡೆದವನು
ಮೊದಲ ಸಲ ಅದಕ್ಕೆ ಮುಖ ಕೊಟ್ಟ.

"ಸಿಂಹ ಆ ಕಡೆ ಇರಬೇಕಿತ್ತು," ಅಂದ. "ಹುಲಿ ಈ ಕಡೆ."
ಕಲ್ಲಿನ ಮೇಲೆ ನೀಲಿ ಹೋಗಿ ನೇರಳೆ ಬೆಳಕು ಬಂತು.
ತಲೆಯೆತ್ತಿದ.

ದೀವಟಿಗೆ ಬಲಗೈಯಲ್ಲಿತ್ತು.

ನನಗೆ ಎಂಟನೆಯ ತರಗತಿಯಲ್ಲೇ ಗೊತ್ತಾಗಿತ್ತು,
ಹೇಳಿರಲಿಲ್ಲ. ಖರ್ಜೂರದ ಪೊಟ್ಟಣ
ಈ ಕೈಯಿಂದ ಆ ಕೈಗೆ ಬದಲಿಸಿದೆ.

"ಕೈ ಬದಲಿ ಮಾಡ್ಯಾರ," ಅಂದ ಅಪ್ಪ,
ಆ ಮಾಸ್ತರರ ಹೆಸರು ಹೇಳುವಾಗಿನ ದನಿಯಲ್ಲಿ.
ಇಲ್ಲ ಅನ್ನಲು ಬಾಯಿ ತೆರೆಯುವಷ್ಟರಲ್ಲಿ
ಕಟ್ಟೆಯಿಳಿದು, ವೀಟಿಗೆ ಬೆನ್ನು ಹಾಕಿ,
ಸಿಗ್ನಲ್ಲಿಗೆ ನಿಂತ ಬಸ್ಸಿನ ಹತ್ತಿರ ಹೋದ.
ಕಿಟಕಿಯ ಗಾಜು ಕೊಳೆ ಹಿಡಿದಿತ್ತು.
ಕರವಸ್ತ್ರ ತೆಗೆದು, ಎಡಗೈ ಚಾಚಿ,
ಅಂಗೈಯಗಲ ಒರೆಸಿದ.

ಒಳಗೆ ಕೂತ ಹೆಂಗಸು ಬೆದರಿದಳು.
ಆಮೇಲೆ, ಯಾಕೋ, ಪಕ್ಕಕ್ಕೆ ಸರಿದು
ಜಾಗ ಬಿಟ್ಟಳು.
ಅಪ್ಪ ಕುತ್ತಿಗೆ ಓರೆ ಮಾಡಿ ನೋಡುತ್ತಲೇ ಇದ್ದ.

ಸಿಗ್ನಲ್ ಹಸಿರಾಯಿತು. ಬಸ್ಸು ಹೊರಟಿತು,
ಎಡಚಿಯನ್ನು ಕೂರಿಸಿಕೊಂಡು,
ಮ್ಯೂಸಿಯಂ ಕಡೆಗೆ.