ಅಡಿಟಿಪ್ಪಣಿ ಹದಿನೇಳು

ಹಾಸನದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಜೆರಾಕ್ಸ್ ಅಂಗಡಿ.
ಧರಣೇಂದ್ರಯ್ಯ ಮೇಷ್ಟ್ರ ನಲವತ್ತೊಂದು ಲೇಖನಗಳು
ಈ ಗಾಜಿನ ಮೇಲೆ ಬೋರಲು ಮಲಗಿ ಎದ್ದಿವೆ.
ಓದಿದವನಲ್ಲ ನಾನು. ಆದರೆ ಯಾವ ಪುಟ
ಜಾಸ್ತಿ ಸವೆದಿದೆ ಅಂತ ಕೇಳಿ,
ಕಣ್ಣು ಮುಚ್ಚಿ ಬೆರಳಲ್ಲೇ ಹೇಳುತ್ತೇನೆ.

ಮೊದಮೊದಲು ಅವರ ವಿದ್ಯಾರ್ಥಿಗಳೇ, ಪರೀಕ್ಷೆಯ ಹಿಂದಿನ ಸಂಜೆ.
ಆಮೇಲೊಬ್ಬ ನೀರಾವರಿ ಇಂಜಿನಿಯರು, ಜೀಪು ಆಫ್ ಮಾಡದೆಯೇ,
‘ಕೆರೆ ತೂಬಿನ ಅಧ್ಯಾಯ, ಎರಡು ಕಾಪಿ.’
ಧಾರವಾಡದಿಂದ ಬಂದ ಭಾಷಾಶಾಸ್ತ್ರದ ಹೆಂಗಸು
ಮೇಷ್ಟ್ರು ಕಲ್ಲುಗಳಿಂದ ಹೆಕ್ಕಿದ ಗದ್ದೆಯ ಹೆಸರುಗಳನ್ನು
ಬಾಯಲ್ಲಿ ಹೊರಳಿಸುತ್ತಾ ನಿಂತಳು,
ಕಲ್ಲುಸಕ್ಕರೆ ಚೀಪುವವರ ಹಾಗೆ.
ಕೋರ್ಟಿನ ಕಡೆಯಿಂದ ಕರಿಕೋಟುಗಳು ಬಂದವು.
ಮೀನಿನ ಬಗ್ಗೆ ಓದುವ ಹುಡುಗನೊಬ್ಬ
ಎಂಟುನೂರು ವರ್ಷದ ಹಿಂದೆ ಕಟ್ಟೆ ಎಷ್ಟು ಆಳವಿತ್ತು ಎಂದು
ನನ್ನನ್ನೇ ಕೇಳಿದ.
ಪುಟಕ್ಕೆ ಒಂದು ರೂಪಾಯಿ ಅಂದೆ.

ಎಲ್ಲರಿಗೂ ಬೇಕಿದ್ದದ್ದು ಒಂದೇ ಸಾಲು,
ಜಾವಗಲ್ ಕಡೆಯ ನಮ್ಮೂರು, ಗುಂಡನಾಯ್ಕನಕಟ್ಟೆ, ಅಲ್ಲಿಯ ಕಲ್ಲಿನದು:
ಬೇಸಿಗೆಯಲ್ಲಿ ಬೆಳೆ ಬಾಡಿದರೂ ಸರಿಯೆ,
ಆರು ಮೆಟ್ಟಿಲ ನೀರು ಕಟ್ಟೆಯಲ್ಲೇ ನಿಲ್ಲತಕ್ಕದ್ದು,
ದನಕ್ಕೆ, ಹಕ್ಕಿಗೆ, ಮೀನಿಗೆ.
ಆರು.
ಇಂಜಿನಿಯರ ಲೆಕ್ಕದಲ್ಲಿ ಆರು, ವಕೀಲರ ವಾದದಲ್ಲಿ ಆರು.
ಅವರವರ ಪುಸ್ತಕಗಳೂ ತಿರುಗಿ ನನ್ನ ಗಾಜಿಗೇ ಬಂದವು,
ಅದರಲ್ಲೂ ಆರು.

ಒಂದು ರಾತ್ರಿ ಕರೆಂಟು ಹೋಗಿತ್ತು.
ಮೇಣದ ಬತ್ತಿ ಹಚ್ಚಿ, ಹೊತ್ತು ಹೋಗದೆ
ಪುಟದ ಬುಡದ ಇರುವೆ ಸಾಲನ್ನು ಓದಿದೆ:
‘೧೭. ಕಲ್ಲು ತೋರಿಸಿದವನು ನೀರುಗಂಟಿ ಜವರ,
ವಯಸ್ಸು ಅರವತ್ತರ ಮೇಲೆ.’

ನಮ್ಮ ತಾತ.

ಸಾಲದ ಪತ್ರದ ಹೆಬ್ಬೆಟ್ಟು ಬಿಟ್ಟರೆ
ಯಾವ ಕಾಗದದಲ್ಲೂ ಇರದ ತಾತ.
ಇಷ್ಟು ವರ್ಷ ಅವನನ್ನೇ ಕಾಪಿ ಮಾಡಿ ಮಾಡಿ
ಪಿನ್ ಹೊಡೆದು ಕೊಟ್ಟಿದ್ದೇನೆ, ಗೊತ್ತಿಲ್ಲದೆ.
ಉಳಿದವರ ಪುಸ್ತಕಗಳಲ್ಲಿ ಹುಡುಕಿದೆ.
ಮೇಷ್ಟ್ರಿದ್ದರು, ಪಕ್ಕದಲ್ಲಿ ಇಸವಿಯಿತ್ತು.
ಗದ್ದೆಗೆ ಹೋದ ನೀರಿಗೆ
ತೂಬು ಎತ್ತಿದವನ ಗುರುತಿರುತ್ತದೆಯೇ?

ಕಳೆದ ಕಾರ್ತೀಕದಲ್ಲಿ ಮೇಷ್ಟ್ರೇ ಬಂದರು.
ಎಂಬತ್ತು ದಾಟಿದೆ. ಕೊಡೆಯನ್ನೇ ಊರುಗೋಲು ಮಾಡಿಕೊಂಡಿದ್ದಾರೆ.
ಬಟ್ಟೆ ಚೀಲದಿಂದ ಅಂಗೈಯಗಲದ ಒಂದು ಚೀಟಿ ತೆಗೆದರು.
ಮೇಲೆ ಕೆಂಪು ಗೆರೆ ಎಳೆದು ‘ತಿದ್ದುಪಡಿ’.
ಆರು ಅಲ್ಲ, ಮೂರು.
‘ಮೊದಲನೇ ಅಕ್ಷರ ಸವೆದಿತ್ತು ಕಣಯ್ಯ.
ಮೊನ್ನೆ ಮತ್ತೆ ಹೋದೆ. ಇಳಿಬಿಸಿಲು ಓರೆಯಾಗಿ ಬಿತ್ತು,
ಮಕಾರ ಎದ್ದು ನಿಂತಿತು.
ಆ ನೀರುಗಂಟಿ ಅವತ್ತೇ ಹೇಳಿದ್ದ, ಮೂರೇ ಸ್ವಾಮಿ ಅಂತ.
ಓದು ಬಾರದವನು ಅಂದುಕೊಂಡು
ನನ್ನ ಕಣ್ಣನ್ನೇ ನಂಬಿದೆ.’

ನಾನು ಅವನ ಮೊಮ್ಮಗ ಅನ್ನಬೇಕಿತ್ತು.
ಬಾಯಿಗೆ ಬರಲಿಲ್ಲ. ಕಾಗದ ತುಂಬಿ ಗುಂಡಿ ಒತ್ತಿದೆ.
ಇನ್ನೂರು ಚೀಟಿ. ದುಡ್ಡು ಬೇಡ ಅಂದರೂ
ನೋಟು ಎಣಿಸಿ, ಚಿಲ್ಲರೆಯನ್ನೂ ಎಣಿಸಿ ಕೊಟ್ಟರು.
‘ನನ್ನ ಲೇಖನ ಯಾರು ಕೇಳಿದರೂ
ಒಳಗೊಂದು ಇಟ್ಟು ಕೊಡು,’ ಅಂತ
ಕಟ್ಟನ್ನು ಇಲ್ಲೇ ಬಿಟ್ಟುಹೋದರು.

ಇಟ್ಟು ಕೊಡುತ್ತೇನೆ.
ಕೆಲವರು ಮೆಟ್ಟಿಲ ಮೇಲೇ ಉದುರಿಸಿ ಹೋಗುತ್ತಾರೆ.
ಒಂದನ್ನು ಎದುರಿನ ಹೋಟೆಲಿನವನು ಮಡಚಿ
ಕುಂಟುವ ಬೆಂಚಿನ ಕಾಲಿಗೆ ಕೊಟ್ಟಿದ್ದಾನೆ.
ಕೇಸು ಇನ್ನೂ ನಡೆಯುತ್ತಿದೆಯಂತೆ, ಆರರ ಮೇಲೆ.

ಮೊನ್ನೆ ಮೀನಿನ ಹುಡುಗ ಬಂದ, ಈಗ ಗಡ್ಡ ಬಿಟ್ಟಿದ್ದಾನೆ.
ಚೀಟಿ ಓದಿದ. ಅದರ ಹಿಂದೆಯೇ ಪೆನ್ಸಿಲಿನಲ್ಲಿ ಗುಣಿಸಿದ,
ಹೊಡೆದುಹಾಕಿ ಮತ್ತೆ ಗುಣಿಸಿದ.
ಆಮೇಲೆ ತಲೆ ಎತ್ತಿ,
‘ಈ ಜವರ ಅಂದ್ರೆ ಯಾರು?’

ಮಿಷಿನ್ ನಿಲ್ಲಿಸಿದೆ.
ಸ್ಟೂಲು ಎಳೆದು ಕೊಟ್ಟೆ.