ಒಂದು ಮೀಟರ್ ದೂರ

ಅಂಗಡಿಯ ಏಸಿ ಕೆಟ್ಟು ಕೂತ ದಿನ
ಕುಂಞಾಲಿಕ್ಕ ಶಟರ್ ಅರ್ಧ ಎಳೆದು
ನಾಲ್ಕಕ್ಕೆ ಬನ್ನಿ ಅಂದರು.
ರೂಮಿನಲ್ಲಿ ನೈಟ್ ಡ್ಯೂಟಿಯವರ ನಿದ್ದೆ,
ರೋಲಾದ ಬೀದಿಯಲ್ಲಿ ನಿಂತರೆ ಆಗಸ್ಟು.
ಹೋದೆ, ಅಷ್ಟೆ.
ಟಿಕೆಟ್ಟಿಲ್ಲ, ಒಳಗೆ ತಂಪು,
ಬಾಗಿಲಲ್ಲಿ ಬ್ಯಾನರು:
ನೂರು ವರ್ಷ ಹಿಂದಿನ ಚಿತ್ರಗಳು.

ಚಿತ್ರದ ವಿಚಾರ ನನಗೆ ಗೊತ್ತಿಲ್ಲ.
ಗೊತ್ತಿರುವುದು ತೋಳು, ಕಂಕುಳು, ಬೆನ್ನಿನ ಅಗಲ;
ಹೊನ್ನಾವರದ ಬಸ್‌ಸ್ಟ್ಯಾಂಡ್ ಎದುರು ಕಲಿತ ಕೈ ಇದು.
ಹಾಗಾಗಿ ಮೊದಲು ಕಂಡದ್ದು
ಹಸಿರು ಅಂಗಿಯ ಹೆಂಗಸಿನ ಎಡಭುಜ:
ಒಂದೂವರೆ ಇಂಚು ಇಳಿದಿದೆ.
ಇಂಥವರು ಅಂಗಡಿಗೂ ಬರುತ್ತಾರೆ,
ಮಕ್ಕಳನ್ನೆಲ್ಲ ಒಂದೇ ಕಡೆ ಹೊತ್ತವರು.
ಬಾಯಿಬಿಟ್ಟು ಹೇಳುವುದಿಲ್ಲ,
ಪುಸ್ತಕದಲ್ಲಿ ಬರೆದುಕೊಂಡು
ಒಳಗೊಂದು ಪ್ಯಾಡು ಇಟ್ಟು ಸರಿ ಮಾಡುತ್ತೇನೆ.
ಈತ ಸರಿ ಮಾಡಿಲ್ಲ.
ಇಳಿದದ್ದನ್ನು ಇಳಿದ ಹಾಗೇ ಬಿಟ್ಟು
ಕತ್ತಿನ ಕೆಳಗೆ ಅಷ್ಟು ಕೆಂಪು ಬಳಿದಿದ್ದಾನೆ.
ಸೆಕೆಯೆ? ಸಿಟ್ಟೆ?
ಗುಂಡಿ ಇಲ್ಲ, ಹುಕ್ಕಿಲ್ಲ,
ತೊಟ್ಟಳು ಹೇಗೆ ಮಾರಾಯ್ರೆ ಈ ಅಂಗಿ?

ಕೆಳಗೆ ಇಸವಿ: ಸಾವಿರದ ಒಂಬೈನೂರ ಎಂಟು.
ಆಗ ಈ ಖೋರಿನಲ್ಲಿ ಮುತ್ತಿನ ದೋಣಿಗಳು,
ಮೂಗು ಬಿಗಿದು ಮುಳುಗಿದವರ ಉಸಿರು.
ಇವಳ ಕಿವಿಯಲ್ಲಿ ಎರಡು ಬಿಳಿ ಚುಕ್ಕೆ,
ಇಲ್ಲಿಂದ ಹೋದದ್ದೆ? ಇರಲಾರದು.
ಇದ್ದರೂ ಇರಬಹುದು.

ಪಕ್ಕದ್ದು ಬಾಟಲಿಯೋ ಪಿಟೀಲೋ ಮನುಷ್ಯನೋ,
ಕಂದು, ಬೂದು, ಮತ್ತೆ ಕಂದು.
ಒಬ್ಬ ಹುಡುಗ ಅಪ್ಪನಿಗೆ ಹಿಂದಿಯಲ್ಲಿ ಅಂದ, ಒಡೆದುಹೋಗಿದೆ.
ಒಡೆದದ್ದಲ್ಲ ಮಗಾ,
ಇನ್ನೂ ಹೊಲಿದಿಲ್ಲ.
ಕಟಿಂಗ್ ಮೇಜಿನ ಮೇಲೆ ಬೆಳಿಗ್ಗೆ ಒಂಬತ್ತಕ್ಕೆ
ಎಲ್ಲರೂ ಹೀಗೇ ಮಲಗಿರುತ್ತಾರೆ:
ಎದೆ ಬೆನ್ನು ಒಟ್ಟೊಟ್ಟಿಗೆ,
ಕಾಲರು ಮೊಣಕಾಲ ಹತ್ತಿರ,
ತೋಳು ಎರಡೂ ಒಂದೇ ಬದಿಗೆ.
ಯಾರೆಂದು ತಿಳಿಯುವುದು ಸಂಜೆಗೆ.
ಈತ ಒಂಬತ್ತು ಗಂಟೆಯನ್ನೇ ಗೋಡೆಗೆ ಮೊಳೆ ಹೊಡೆದಿದ್ದಾನೆ.

ಕೆಲವು ನೋಡಿ ಏನೂ ಅನ್ನಿಸಲಿಲ್ಲ, ಸುಳ್ಳು ಯಾಕೆ.
ಹಳದಿ ಸಮುದ್ರ; ಇರಲಿ.
ವಾಲಿದ ಮೇಜು, ಜಾರಿ ಬೀಳುವ ಹಾಗೆ ಸೇಬು;
ಹಿಡಿಯಲು ಕೈ ಚಾಚಿದೆ ಅನ್ನುವುದು ಬಿಟ್ಟರೆ
ಅದೂ ಏನೂ ಅನ್ನಿಸಲಿಲ್ಲ.

ಮತ್ತೆ ಹಸಿರಿನವಳ ಹತ್ತಿರ ಬಂದೆ.
ಬಲಗಡೆ ಕೆಳಮೂಲೆಯಲ್ಲಿ
ಬಣ್ಣ ಮುಗಿದಿತ್ತೋ, ಹೊತ್ತು ಮುಗಿದಿತ್ತೋ,
ಅಂಗೈಯಗಲ ಹಾಗೇ ಉಳಿದಿದೆ
ಬಟ್ಟೆ!
ಹಾಸು ಹೊಕ್ಕು ಎಣಿಸಬಹುದಾದ ದಪ್ಪ ಕೋರಾ ಬಟ್ಟೆ,
ಒಂದು ಎಳೆ ಅಲ್ಲಿ ಗಂಟು ಕಟ್ಟಿಕೊಂಡಿದೆ.
ಯಾರೂ ತೊಡದೆ, ಯಾರೂ ಒಗೆಯದೆ
ಇಷ್ಟು ವರ್ಷ ಆ ಗಂಟು ಒಂದೇ.
ಬೆರಳು ಹೋಗಿಯೇಬಿಟ್ಟಿತು, ನಾನಲ್ಲ.

"ಸರ್. ಒನ್ ಮೀಟರ್."
ಕಾವಲಿನ ಹುಡುಗಿ, ಎದೆಯ ಪಟ್ಟಿಯಲ್ಲಿ ಹೆಸರು ನಕಾಟೊ.
ದನಿಯಲ್ಲಿ ಗದರಿಕೆ ಇಲ್ಲ, ದಣಿವು.
ಹಿಂದೆ ಸರಿದು ನಿಂತೆ
ಮೂವತ್ತೊಂಬತ್ತು ಇಂಚು, ಮೇಲೆ ಮೂರು ನೂಲು,
ಬೇಕಾದರೆ ಟೇಪು ಹಿಡಿದು ನೋಡಲಿ.
ಬೇರೆ ಯಾರದ್ದೋ ಅಳತೆಯ ಕೋಟು ಅವಳದು,
ತೋಳಿನಿಂದ ಬೆರಳ ತುದಿಯಷ್ಟೇ ಇಣುಕುತ್ತಿತ್ತು.
ದಿನವಿಡೀ ಇವಳ ಜೊತೆಗೇ ನಿಲ್ಲುವವಳಲ್ಲವೆ,
ಕೇಳಿದೆ, ಯಾರು ಈ ಹೆಂಗಸು?
ಗೊತ್ತಿಲ್ಲ ಸರ್, ಅಂದಳು,
ನಾನು ನಿಲ್ಲುವುದು ಅವಳಿಗೆ ಬೆನ್ನು ಹಾಕಿ.

ನಾಲ್ಕಕ್ಕೆ ಏಸಿ ರಿಪೇರಿಯಾಗಿತ್ತು. ಮೇಜಿನ ಮೇಲೆ
ಐವತ್ತೆಂಟರ ಅಬಾಯ, ನಿದಾ ಬಟ್ಟೆ, ಕಪ್ಪು.
ಇಷ್ಟು ದಿನ ಕಪ್ಪು ಅಂತಲೇ ಕತ್ತರಿಸುತ್ತಿದ್ದೆ.
ಮಡಿಕೆಯಲ್ಲಿ ನೇರಳೆ ಇತ್ತು,
ಟ್ಯೂಬ್‌ಲೈಟ್ ಬಿದ್ದಲ್ಲಿ ಪಾಚಿಯ ಹಸಿರು.
ಎಲ್ಲಿ ಹೋಗಿದ್ದೆ, ಕುಂಞಾಲಿಕ್ಕ ಕೇಳಿದರು.
ತಂಪಿಗೆ, ಅಂದೆ.

ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ:
ಎಡಭುಜ ಒಂದೂವರೆ ಕಡಿಮೆ.
ಹೆಸರಿನ ಜಾಗ ಖಾಲಿ, ಡೆಲಿವರಿ ತಾರೀಕೂ.
ಅದರ ಕೆಳಗೆ ಇನ್ನೊಂದು:
ನಕಾಟೊ, ಕೋಟು. ತೋಳು ಎರಡಿಂಚು ಏರಿಸಬೇಕು,
ಬಂದರೆ.