ನಾಲ್ಕನೇ ಕೊಕ್ಕೆ

ಗುರುವಾರ ಗುರುವಾರ ಕೊಕ್ಕೆಗಳಿಗೆ ಗ್ರೀಸು ಹಚ್ಚುತ್ತೇನೆ.
ಒಂದು, ಎರಡು, ಮೂರು ಸಾಧು.
ನಾಲ್ಕನೆಯದು ಮೊಂಡು.
ಉಪ್ಪು ತಿಂದದ್ದು ನೀರು ಕುಡಿಯಬೇಕಂತೆ,
ಇದು ಎಣ್ಣೆ ಕೇಳುತ್ತದೆ.

ಕಾಲೆತಾ ಓಸ್ಕುರಾ. ಚಿಲಿಯ ಈ ಮೂಲೆಯಲ್ಲಿ
ಬೆಟ್ಟ ನೆಟ್ಟಗೆ ಇಳಿದು ಕಡಲಿಗೆ ಕಾಲು ಬಿಟ್ಟು ಕೂತಿದೆ.
ಮೇಲೆ ಹನ್ನೆರಡು ಬಿಳಿ ಟ್ಯಾಂಕು,
ಕೆಳಗೆ ನಮ್ಮ ಜೆಟ್ಟಿ, ಅರವತ್ತೆರಡು ಉಕ್ಕಿನ ಕಾಲು,
ಮೊಣಕಾಲ ತನಕ ಚಿಪ್ಪಿನ ಕಜ್ಜಿ.

ಅಪ್ಪ ಕಟ್ಟುವವನು.
ಗಂಟು ಹಾಕುವುದರಲ್ಲಿ ಈ ಕೊಲ್ಲಿಗೇ ಎತ್ತಿದ ಕೈ.
ಅರವತ್ತರ ಮೇ ತಿಂಗಳು ನೆಲ ಕುಣಿದಾಗ
ದೋಣಿ ಹೋದೀತೆಂದು ಎರಡು ಸುತ್ತು ಹೆಚ್ಚಿಗೆ ಬಿಗಿದ.
ಕಡಲು ಹಿಂದೆ ಸರಿಯಿತು,
ಯಾರೂ ನೋಡದಿದ್ದ ಬಂಡೆಗಳು ಬತ್ತಲೆ ನಿಂತವು,
ಆಮೇಲೆ ಬಂತು.
ಗಂಟು ಬಿಚ್ಚಲಿಲ್ಲ.
ದೋಣಿ ಕಟ್ಟೆಯನ್ನೇ ಕಿತ್ತುಕೊಂಡು ಹೋಯಿತು,
ಕಟ್ಟೆಯ ಮೇಲಿದ್ದ ಅಬ್ದೋನನನ್ನೂ,
ನಾನು ಹುಟ್ಟುವ ಮೊದಲಿನ ನನ್ನ ಅಣ್ಣ.
ಅಪ್ಪ ಸಾಯುವ ತನಕ
ತನ್ನ ಶೂಸಿನ ಲೇಸು ಕಟ್ಟಿಕೊಳ್ಳಲಿಲ್ಲ.

ನಾನು ಬಿಡುವ ಕೆಲಸಕ್ಕೆ ಸೇರಿದೆ.
ಸಂಬಳ ಅದಕ್ಕೇ: ಹೇಳಿದ ಗಳಿಗೆಗೆ ಹಗ್ಗ ಬಿಡಬೇಕು.

ಎಂಜಿನಿಯರ್ ಫ್ರೆಸಿಯಾ ಮಾರಿಲೆಯೊ
ದೋಣಿಯಲ್ಲಿ ಜೆಟ್ಟಿಯ ಅಡಿಗೆ ತೂರಿ
ಕಂಬದ ನೆತ್ತಿಗೆ ಸೀಮೆಸುಣ್ಣ ಎಳೆಯುತ್ತಿದ್ದಳು:
ಇಲ್ಲಿ ಬಿರಿದರೆ ಬಿರಿಯಲಿ.
ಇಲ್ಲಿ ಕೂಡದು.
ನಾನು ನಕ್ಕೆ. ಬಿರುಕಿಗೆ ಓದು ಬರುತ್ತದೆಯೇ, ತಾಯಿ?
ಹಾವೂ ಸಾಯದು ಇಲ್ಲಿ, ನೆಲದಡಿಯ ಹಾವು,
ಕೋಲು ಮುರಿಯಬಾರದು ಅಷ್ಟೇ.
ಬಾಗಬಹುದು, ಎಂದಳು. ಬಾಗಲೇಬೇಕು.

ಜುಲೈ. ನಸುಕು ಮೂರೂ ನಲವತ್ತು.
ಹಡಗಿನ ಹೊಟ್ಟೆಯಿಂದ ಡೀಸೆಲ್ ಇಳಿಯುತ್ತಿತ್ತು.
ಮೊದಲು ಕಾವಲಿನ ನಾಯಿ ಎದ್ದು ನಿಂತಿತು,
ಬೊಗಳಲಿಲ್ಲ.
ಆಮೇಲೆ ದೀಪದ ಕಂಬಗಳು
ಕುಡಿದವರ ಹಾಗೆ ಒಂದನ್ನೊಂದು ಹುಡುಕಿದವು.

ವಾಲ್ವ್ ಒಮ್ಮೆಗೇ ಮುಚ್ಚಿದರೆ ಪೈಪು ಸಿಡಿಯುತ್ತದೆ,
ಸಾವಕಾಶ ಮಾಡಿದರೆ ಅಲೆ ಬರುತ್ತದೆ.
ನಡುವೆ ಇರುವುದು ಇಪ್ಪತ್ತೆಂಟು ಸೆಕೆಂಡು.
ಆನ್ಸೆಲ್ಮೊ ಕಣ್ಣು ಮುಚ್ಚಿ ಗಟ್ಟಿಯಾಗಿ ಎಣಿಸಿದ,
ಕಣ್ಣಾಮುಚ್ಚಾಲೆಯ ಹುಡುಗನಂತೆ.
ಇಪ್ಪತ್ತೆಂಟು!
ಕೊಳವೆಯ ತೋಳು ಕಳಚಿ ಮೇಲೆದ್ದಿತು, ಒಂದು ತೊಟ್ಟು ತೊಟ್ಟಿಕ್ಕಿತು,
ಒಂದೇ.

ಒಂದು ಬಿಟ್ಟೆ. ಎರಡು. ಮೂರು.
ನಾಲ್ಕು ಕಚ್ಚಿಕೊಂಡೇ ಇತ್ತು.
ನೀರು ಇಳಿಯತೊಡಗಿತ್ತು, ಕತ್ತಲಲ್ಲಿ ಅದರ ಸದ್ದು
ಯಾರೋ ಹಾಸಿಗೆಯ ಚಾದರ ಎಳೆದಂತೆ.
ಸುತ್ತಿಗೆ ಎತ್ತಿದೆ.
ಹೊಡೆದೆ. ಬೈದೆ. ಅಣ್ಣನ ಹೆಸರು ಹಿಡಿದು ಹೊಡೆದೆ,
ಮುಖ ಕಾಣದವನ ಹೆಸರು.
ಪಿನ್ನು ಮುರಿದು ಎಲ್ಲೋ ಹಾರಿತು.
ಹಗ್ಗ ನೀರಿಗೆ ಬಿದ್ದ ಸದ್ದು ಕೇಳಿಸಲಿಲ್ಲ,
ಹಡಗು ಮಾತ್ರ ದೂರವಾಯಿತು,
ದೀಪಗಳನ್ನೆಲ್ಲ ಹೊತ್ತಿಸಿಕೊಂಡು, ಆಳದ ಕಡೆಗೆ.

ನೂರಾ ನಲವತ್ತು ಮೆಟ್ಟಿಲು. ನಾಯಿ ನಮಗಿಂತ ಮುಂದೆ.
ಮೂರು ಅಲೆ ಬಂದವು. ಎರಡನೆಯದು ದೊಡ್ಡದು.
ಕೆಳಗೆ ಜೆಟ್ಟಿ ನರಳಿತು,
ಹೆರಿಗೆಯ ಕೋಣೆಯ ಹೊರಗೆ ಕೂತವರ ಹಾಗೆ
ನಾವು ಕೂತಿದ್ದೆವು.

ಬೆಳಗಾದಾಗ ಗಾಳಿಗೆ ಪಾಚಿಯ ವಾಸನೆ,
ಬರೀ ಪಾಚಿಯದು.
ಕಾವಲುಗಾರನ ಕುರ್ಚಿ ಹೋಗಿತ್ತು, ಚಹಾದ ಕೆಟಲು,
ಮೀನುಗಾರರ ಏಳು ದೋಣಿ, ಸಾಬಿನಾಳ ಅಂಗಡಿಯ ಬಾಗಿಲು.
ಸಾಬಿನಾ ಬಾಗಿಲಿಲ್ಲದ ಅಂಗಡಿಯಲ್ಲಿ ಕೂತು
ಎಲ್ಲರಿಗೂ ಪುಕ್ಕಟೆ ಬ್ರೆಡ್ಡು ಕೊಟ್ಟಳು, ಒದ್ದೆಯದನ್ನೇ.

ಒಂಬತ್ತನೇ ದಿನ ಫ್ರೆಸಿಯಾ ಬಂದಳು.
ಜೆಟ್ಟಿಯ ಅಡಿಗೆ ಇಬ್ಬರೂ ಹೋದೆವು.
ನಲವತ್ತೊಂದನೇ ಕಂಬದ ನೆತ್ತಿಯಲ್ಲಿ
ಕೂದಲೆಳೆ ಬಿರುಕು,
ಸೀಮೆಸುಣ್ಣ ಅಳಿಸಿಹೋಗಿದ್ದ ಜಾಗದಲ್ಲೇ.
ಅವಳು ಬೆರಳಿಟ್ಟು ನೋಡಿದಳು. ಏನೂ ಹೇಳಲಿಲ್ಲ.
ಓದು ಬರುತ್ತದೆ, ಎಂದೆ ನಾನೇ.

ಇವತ್ತು ಗುರುವಾರ.
ನಾಲ್ಕನೆಯದಕ್ಕೆ ಹೊಸ ಪಿನ್ನು, ಮುಟ್ಟಿದರೆ ಸಾಕು, ಬಿಡುತ್ತದೆ.
ನನಗೆ ನಂಬಿಕೆ ಇಲ್ಲ.
ಸುತ್ತಿಗೆಯನ್ನು ಪಕ್ಕದಲ್ಲೇ ತೂಗುಹಾಕಿದ್ದೇನೆ,
ನನಗಿಂತ ಗಿಡ್ಡಗಿರುವ ಹೊಸ ಹುಡುಗಿಗೂ
ಕೈಗೆಟಕುವ ಎತ್ತರದಲ್ಲಿ.